ಸಹಾಯ ಬೇಕು: ಎಲೆ ಇಲ್ಲದೆ, ಗೊರಟು ನೋಡಿ ಅಮೃತಬಳ್ಳಿಯ ಜಾತಿ ಹೇಳಬಹುದಾ?

ಎಲ್ಲರಿಗೂ ನಮಸ್ಕಾರ. ದೇವಿಮನೆ ಘಟ್ಟದ ಹತ್ತಿರ ಒಣಗಿದ ಬಳ್ಳಿಯಿಂದ ಸಿಕ್ಕ ಕೆಂಪು ಹಣ್ಣುಗಳಿವೆ. ಎಲೆ ಒಂದೂ ಉಳಿದಿಲ್ಲ. ಒಂದೇ ತೊಟ್ಟಿನ ತುದಿಗೆ ಎರಡೋ ಮೂರೋ ಹಣ್ಣು ಅಂಟಿಕೊಂಡಿವೆ, ಅಂದ್ರೆ ಒಂದು ಹೆಣ್ಣು ಹೂವಿನ ಮೂರು ಕಾರ್ಪೆಲ್‌ಗಳು (ಕಾಯಿಯಾಗುವ ಭಾಗಗಳು) ಬೇರೆ ಬೇರೆ ಹಣ್ಣಾದದ್ದು. ಗೊರಟಿನ ಬೆನ್ನು ಉಬ್ಬಿದೆ, ನಡುವೆ ಉದ್ದಕ್ಕೆ ಒಂದು ಏಣು. ಹೊಟ್ಟೆ ಕಡೆ ಗುಳಿ. ಅಡ್ಡ ಕೊಯ್ದರೆ ಆ ಗುಳಿ ಒಳಗೆ ಚಾಚಿ, ಬೀಜ ಅದನ್ನು ಬಟ್ಟಲಿನ ಹಾಗೆ ತಬ್ಬಿದೆ. ಇದು ಎರಡನೇ ಬೀಜದ ಕೋಣೆ ಅಲ್ಲ, ಕಾಂಡೈಲ್, ಅಂದ್ರೆ ಗೊರಟಿನ ಗೋಡೆಯೇ ಒಳಕ್ಕೆ ಚಾಚಿದ ಭಾಗ. ಇಷ್ಟರ ಮಟ್ಟಿಗೆ ಟಿನೋಸ್ಪೋರ (ಅಮೃತಬಳ್ಳಿಯ ಕುಲ) ಅನ್ನೋದು ಸರಿಯಾಗ್ತದೆ.

ತೊಡಕು ಮುಂದಿದೆ. ಈ ಕುಲದ ಎರಡು ಜಾತಿಗಳಲ್ಲಿ ಕಾರ್ಡಿಫೋಲಿಯಾ ಎಲೆಗೆ ರೋಮ ಇಲ್ಲ, ಸೈನೆನ್ಸಿಸ್ ಎಲೆಯ ಅಡಿ ಮಖಮಲ್ಲಿನ ಹಾಗೆ. ಎಲೆ ಇದ್ದಿದ್ರೆ ಕೇಳುವ ಪ್ರಶ್ನೆಯೇ ಇರಲಿಲ್ಲ. ಗೊರಟುಗಳನ್ನು ರಾತ್ರಿಯಿಡೀ ನೆನೆಸಿ, ಲೋಳೆ ಬಿಡಿಸಲು ಮರಳಿನಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿದ್ದಾಗಿದೆ. ಈಗ 10ರಲ್ಲಿ 6ಕ್ಕೆ ಬೆನ್ನ ಮೇಲೆ ಸಣ್ಣ ಗಂಟುಗಳು ಸ್ಪಷ್ಟ, 4 ಬಹುತೇಕ ನುಣುಪು. ಉಜ್ಜುವಾಗ ಗಂಟು ಸವೆಯಿತೋ, ಹಣ್ಣು ಬಲಿಯದೆ ಗೊರಟು ಗಟ್ಟಿಯಾಗಿರಲಿಲ್ಲವೋ, ಲೋಳೆಯೇ ಸಂದಿಯಲ್ಲಿ ಒಣಗಿ ಮುಚ್ಚಿತೋ, ಅಥವಾ ಎರಡು ಜಾತಿ ಬೆರೆತಿದೆಯೋ? 10x ಲೆನ್ಸಿನಲ್ಲೂ ತೀರ್ಮಾನ ಆಗ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಪೂರ್ತಿ ಬಲಿತ ಗೊರಟಿನಲ್ಲಿ ಈ ಎರಡು ಜಾತಿಗಳನ್ನು ಬೇರ್ಪಡಿಸಲು ಬೆನ್ನಿನ ಗಂಟು ನಂಬಬಹುದಾ, ಇಲ್ಲ ಕಾಂಡೈಲ್ ಬಾಯಿಯ ಆಕಾರ ನೋಡಬೇಕಾ? ಹೆಸರು ಖಚಿತವಾದ ಬಳ್ಳಿಯ ಗೊರಟು ಯಾರ ಹತ್ರ ಆದ್ರೂ ಇದ್ರೆ, ಬೆನ್ನು ಮತ್ತು ಹೊಟ್ಟೆ ಎರಡೂ ಕಡೆಯ ಫೋಟೋ ಸ್ಕೇಲ್ ಇಟ್ಟು ಹಾಕ್ತೀರಾ?