ಜನ ಹಾಕುವ ಫೋಟೋದ ಉದ್ದ-ಅಗಲ ನೋಡುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಉಡುಪಿ

ನಮ್ಮ ಕಡೆಯ ಯಕ್ಷಗಾನದ ಫೋಟೋಗಳನ್ನು ಒಂದು ಕಡೆ ಸೇರಿಸಿಡಲು ಸಣ್ಣ ವೆಬ್‌ಸೈಟ್ ಮಾಡುತ್ತಿದ್ದೇನೆ. ಪಿಎಚ್‌ಪಿಯಲ್ಲಿ, ಅಂದರೆ ಸರ್ವರಿನಲ್ಲಿ ಓಡುವ ಕೋಡ್. ಆಟಕ್ಕೆ ಹೋದವರು ಮೊಬೈಲಿನಲ್ಲಿ ತೆಗೆದದ್ದನ್ನು ಅವರೇ ಅಪ್‌ಲೋಡ್ ಮಾಡಬಹುದು. ವೇಷದ ಫೋಟೋಗೆ 3:4 ಅಂತ ಇಟ್ಟಿದ್ದೇನೆ, ಅಂದರೆ ನಿಂತ ಫೋಟೋ. ಅಗಲವನ್ನು ಎತ್ತರದಿಂದ ಭಾಗಿಸಿ 0.75 ಬಂದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಇಷ್ಟೇ ಕೋಡ್.

ಪರೀಕ್ಷೆಗೆ ಹತ್ತು ಫೋಟೋ ಹಾಕಿಸಿದೆ. ಏಳು ಹೊರಗೆ ಬಿತ್ತು! ನನ್ನ ಮಾವ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ತೆಗೆದ ಒಂದು ಚಂದದ ಫೋಟೋ ಉಂಟು, ನೆಟ್ಟಗೆ ನಿಂತ ಫೋಟೋ. ಅದನ್ನೂ "ಅಳತೆ ಸರಿ ಇಲ್ಲ" ಅಂತ ತಳ್ಳಿತು. "ಎಂತ ಮಾರಾಯ, ನಿನ್ನ ಕಂಪ್ಯೂಟರಿಗೆ ಕಣ್ಣು ಕಾಣುವುದಿಲ್ಲವಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇಲ್ಲ. ಮಂಡೆ ಬಿಸಿ ಆಗಿದೆ. ಇದನ್ನು ಮೊದಲು ಮಾಡಿದವರು ಸ್ವಲ್ಪ ಹೇಳಿ.

ಸುರತ್ಕಲ್‌ನಿಂದ

ಇದೇ ಪೆಟ್ಟು ನಾನೂ ತಿಂದಿದ್ದೇನೆ ಮಾರಾಯ್ರೆ. ನಿಮ್ಮ ಮಾವನ ಫೋಟೋ ನಿಂತದ್ದು ನಿಮ್ಮ ಕಣ್ಣಿಗೆ ಮಾತ್ರ. ಫೈಲಿನ ಒಳಗೆ ಅದು ಮಲಗಿದೆ.

ಸುಮಾರು ಫೋನುಗಳಲ್ಲಿ ಕ್ಯಾಮೆರಾದ ಸೆನ್ಸರ್ ಅಡ್ಡಕ್ಕೇ ಓದುವುದು. ನೀವು ಫೋನ್ ನೆಟ್ಟಗೆ ಹಿಡಿದು ತೆಗೆದರೂ ಚುಕ್ಕಿಗಳು (ಪಿಕ್ಸೆಲ್) 4032×3024 ಅಂತ ಅಡ್ಡಕ್ಕೇ ಬರೆದಿಡಲ್ಪಡುತ್ತವೆ. ಜೊತೆಗೆ ಒಂದು ಸಣ್ಣ ಚೀಟಿ: "ತೋರಿಸುವಾಗ ಬಲಕ್ಕೆ ತಿರುಗಿಸಿ". ಆ ಚೀಟಿಯೇ ಎಕ್ಸಿಫ್‌ನ (ಫೋಟೋ ಜೊತೆ ಫೈಲಿನಲ್ಲೇ ಇರುವ ಮಾಹಿತಿ) ಓರಿಯೆಂಟೇಶನ್ ಸಂಖ್ಯೆ. 1ರಿಂದ 8ರವರೆಗೆ ಇರುತ್ತದೆ. 1 ಅಂದರೆ ಇದ್ದ ಹಾಗೆ. 6 ಅಂದರೆ ಬಲಕ್ಕೆ 90 ಡಿಗ್ರಿ. 5ರಿಂದ 8ರವರೆಗೆ ಯಾವುದು ಇದ್ದರೂ ಅಗಲ-ಎತ್ತರ ಅದಲುಬದಲು ಅಂತ ಲೆಕ್ಕ.

ತಮಾಷೆ ಇರುವುದು ಇಲ್ಲಿ. ಬ್ರೌಸರ್ ಆ ಚೀಟಿ ಓದುತ್ತದೆ. 2020ರಿಂದ ಈಚೆ ದೊಡ್ಡ ಬ್ರೌಸರ್‌ಗಳೆಲ್ಲ ತಾವಾಗಿಯೇ ಫೋಟೋ ನೆಟ್ಟಗೆ ಮಾಡಿ ತೋರಿಸುತ್ತವೆ. ಅಳತೆ ಹೇಳುವ ಪಿಎಚ್‌ಪಿಯ ಫಂಕ್ಷನ್ ಗೆಟ್‌ಇಮೇಜ್‌ಸೈಜ್ ಮಾತ್ರ ಚೀಟಿಯ ಗೊಡವೆಗೆ ಹೋಗುವುದಿಲ್ಲ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಅರ್ಜಿ ಹಾಕುವ ಒಂದು ಸೈಟ್ ಇತ್ತು. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ 3024×4032 ಅಂತ ಹೇಳಿ ಒಳಗೆ ಬಿಡುವುದು, ಸರ್ವರ್ 4032×3024 ಅಂತ ಹೇಳಿ ವಾಪಸ್ ಕಳಿಸುವುದು. ಒಂದೇ ಫೋಟೋ! ಎರಡು ದಿನ ನಾನು ಜಾವಾಸ್ಕ್ರಿಪ್ಟಿನಲ್ಲೇ ತಪ್ಪು ಹುಡುಕುತ್ತಾ ಕೂತಿದ್ದೆ. ಕೊನೆಗೆ ಎರಡು ಸಂಖ್ಯೆಗಳನ್ನು ಒಂದರ ಕೆಳಗೆ ಒಂದು ಬರೆದಾಗ ಕಣ್ಣಿಗೆ ಬಿತ್ತು.

ಆದ್ದರಿಂದ ಮೊದಲು ಪಿಎಚ್‌ಪಿಯ ಎಕ್ಸಿಫ್‌ರೀಡ್‌ಡೇಟಾ ಫಂಕ್ಷನ್‌ನಿಂದ ಆ ಸಂಖ್ಯೆ ತೆಗೆಯಿರಿ. 5 ಅಥವಾ ಅದಕ್ಕಿಂತ ಮೇಲಿದ್ದರೆ ಅಗಲ-ಎತ್ತರ ಬದಲಿಸಿ, ಆಮೇಲೆ ಭಾಗಾಕಾರ. ಇನ್ನೊಂದು: ಜಿಡಿಯಲ್ಲಿ (ಪಿಎಚ್‌ಪಿಯಲ್ಲಿ ಫೋಟೋ ತಿದ್ದುವ ಸಾಧನ) ತೆರೆದು ಸಣ್ಣದು ಮಾಡಿ ಉಳಿಸುತ್ತೀರಾದರೆ ಚೀಟಿ ಹಾರಿಹೋಗುತ್ತದೆ, ಫೋಟೋ ನಿಜವಾಗಿಯೂ ಮಲಗುತ್ತದೆ. ಉಳಿಸುವ ಮೊದಲೇ ತಿರುಗಿಸಿಬಿಡಿ.

ಒಂದು ಊಹೆ. ನಿಮ್ಮಲ್ಲಿ ಒಳಗೆ ಹೋದ ಮೂರು ಫೋಟೋ ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಅಲ್ವಾ? ಅದು ಕಳಿಸುವಾಗಲೇ ಚುಕ್ಕಿಗಳನ್ನು ನೆಟ್ಟಗೆ ಮಾಡಿ, ಚೀಟಿ ಕಿತ್ತು ಬಿಸಾಡಿರುತ್ತದೆ. 1200×1600 ಬಂದರೆ ಸರಿಯಾಗಿ 0.75.

ಬಿಜೈಯಿಂದ

ಮೇಲಿನವರು ಹೇಳಿದ್ದು ಸರಿ. ಆದರೆ 0.75ಕ್ಕೆ "ಸಮ ಉಂಟಾ" ಅಂತ ಕೇಳುವುದನ್ನೂ ಬಿಡಿ. ಒಂದು ಚುಕ್ಕಿ ಹೆಚ್ಚುಕಮ್ಮಿ ಆದರೂ ಹೊರಗೆ ಬೀಳುತ್ತದೆ.

ನನ್ನ ಕಥೆ ಪಾಸ್‌ಪೋರ್ಟ್ ಅಳತೆಯ ಫೋಟೋದ್ದು. 35×45 ಮಿಲಿಮೀಟರ್, ಅಂದರೆ 7:9. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 413×531 ಆಗುತ್ತದೆ. 413ನ್ನು 9ರಿಂದ ಗುಣಿಸಿ: 3717. 531ನ್ನು 7ರಿಂದ ಗುಣಿಸಿ: ಅದೂ 3717. ಎಷ್ಟು ಚಂದ ಅಲ್ವಾ? ಅದನ್ನು ನೋಡಿಯೇ ನಾನು ಸಮ ಇದ್ದರೆ ಮಾತ್ರ ಒಳಗೆ ಅಂತ ಬರೆದೆ. ಮರುದಿನ ಒಬ್ಬರು 414×531 ತಂದರು. ಸ್ಟುಡಿಯೋದವರು ಕತ್ತರಿಸುವಾಗ ಒಂದು ಚುಕ್ಕಿ ಜಾಸ್ತಿ ಆಗಿತ್ತು. 3726, 3717. ಹೊರಗೆ! ಪಾಪ, ಅವರು ಪುನಃ ಸ್ಟುಡಿಯೋಕ್ಕೆ ಹೋಗಿ ಬಂದರು. ನಾಚಿಕೆ ಆಯಿತು ನನಗೆ.

ಈಗ ನಾನು ಭಾಗಿಸುವುದೇ ಇಲ್ಲ, ಹೀಗೆ ಅಡ್ಡ ಗುಣಿಸುತ್ತೇನೆ. ದಶಾಂಶದ ತಕರಾರೇ ಬರುವುದಿಲ್ಲ. ನಿಮಗೆ ಅಗಲ×4, ಎತ್ತರ×3. ಎರಡರ ನಡುವಿನ ವ್ಯತ್ಯಾಸ ನೂರಕ್ಕೆ ಎರಡರ ಒಳಗಿದ್ದರೆ ಒಳಗೆ ಬಿಡಿ. ಅಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಕಾಣುವುದಿಲ್ಲ. ಅಂಚಿನಲ್ಲಿ ಉಳಿದದ್ದನ್ನು ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನ ಆಬ್ಜೆಕ್ಟ್‌ಫಿಟ್ ಕವರ್ (ಚೌಕಟ್ಟು ತುಂಬಿಸಿ ಹೆಚ್ಚಾದದ್ದನ್ನು ಮರೆಮಾಡುವುದು) ನುಂಗಿಕೊಳ್ಳುತ್ತದೆ.

ಕುಂದಾಪುರದಿಂದ

ನಾನು ಬೇರೆಯೇ ಹೇಳುತ್ತೇನೆ. ಹೊರಗೆ ಹಾಕುವುದೇ ಯಾಕೆ? ಜನ ಪ್ರೀತಿಯಿಂದ ಕೊಡುವುದು. ಕತ್ತರಿಸಿಕೊಳ್ಳಲು ಅವರಿಗೇ ಬಿಡಿ.

ಆದರೆ ಕಂಪ್ಯೂಟರೇ ನಡುವಿನಿಂದ ಕತ್ತರಿಸುವ ಹಾಗೆ ಮಾಡಬೇಡಿ. ನಾನು ಮಾಡಿದ್ದೆ, ಅದೂ ಯಕ್ಷಗಾನಕ್ಕೇ. 1080×1920ರ ಫೋಟೋವನ್ನು 3:4 ಮಾಡಿದರೆ 1080×1440 ಉಳಿಯುತ್ತದೆ. ಮೇಲಿನಿಂದ 240, ಕೆಳಗಿನಿಂದ 240 ಹೋಗುತ್ತದೆ. ಕೆಳಗೆ ಹೋದದ್ದು ಗೆಜ್ಜೆ. ಮೇಲೆ ಹೋದದ್ದು? ಬಣ್ಣದ ವೇಷದ ಕಿರೀಟ! ವೇಷ ಕಟ್ಟಲು ಅವರು ಗಂಟೆಗಟ್ಟಲೆ ಕೂತಿರುತ್ತಾರೆ, ನಾನು ಕಿರೀಟ ಹಾರಿಸಿ ಪುಟದ ಮೇಲೆ ಹಾಕಿದ್ದೆ. ಬೆಳಿಗ್ಗೆ ಏಳು ಗಂಟೆಗೇ ಫೋನ್ ಬಂತು. ಏನು ಹೇಳಿದರು ಅಂತ ಇಲ್ಲಿ ಬರೆಯುವುದಿಲ್ಲ.

ಕ್ರಾಪರ್‌ಜೆಎಸ್ ಅಂತ ಉಂಟು, ಬ್ರೌಸರಿನಲ್ಲೇ ಫೋಟೋ ಕತ್ತರಿಸುವ ಸಾಧನ. ಅದಕ್ಕೆ 3/4 ಅಂತ ಕೊಟ್ಟರೆ ಚೌಕಟ್ಟು ಅದೇ ಅಳತೆಯಲ್ಲಿ ಇರುತ್ತದೆ, ಹಾಕಿದವರು ಕಿರೀಟಕ್ಕೆ ಸರಿಯಾಗಿ ಎಳೆದುಕೊಳ್ಳುತ್ತಾರೆ. ತೀರಾ ಅಡ್ಡ ಫೋಟೋ ಬಂದರೆ "ಅಳತೆ ಸರಿ ಇಲ್ಲ" ಅಂತ ಸುಮ್ನೆ ಹೇಳಬೇಡಿ. "ನಿಮ್ಮ ಫೋಟೋ 1600×900, ಅಡ್ಡ ಉಂಟು. ನಿಂತ ಫೋಟೋ ಬೇಕು" ಅಂತ ಹೇಳಿ. ಮುಂದೆ ಕಂಬಳದ್ದೂ ಹಾಕುವ ಆಲೋಚನೆ ಇದ್ದರೆ ಅದಕ್ಕೆ ಬೇರೆ ಅಳತೆ ಇಡಿ. ಜೋಡಿ ಕೋಣ, ಹಿಂದೆ ಓಡಿಸುವವ, ಚಿಮ್ಮುವ ನೀರು, ಇದೆಲ್ಲ ನಿಂತ ಫೋಟೋದಲ್ಲಿ ಹಿಡಿಸುವುದಿಲ್ಲ.

ಮಣಿಪಾಲದಿಂದ

ಎರಡೇ ಮಾತು. ಬ್ರೌಸರಿನಲ್ಲಿ ನೋಡುವುದು ಹಾಕುವವರ ಅನುಕೂಲಕ್ಕೆ, ಅದನ್ನು ಯಾರು ಬೇಕಾದರೂ ತಪ್ಪಿಸಬಹುದು. ಸರ್ವರಿನಲ್ಲಿ ಪುನಃ ನೋಡಲೇಬೇಕು.

ಮತ್ತೆ, ಜಿಡಿಯಲ್ಲಿ ತೆರೆಯುವ ಮೊದಲೇ ಅಳತೆ ನೋಡಿ. ಗೆಟ್‌ಇಮೇಜ್‌ಸೈಜ್ ಫೈಲಿನ ತಲೆ ಮಾತ್ರ ಓದುತ್ತದೆ. ಜಿಡಿ ಹಾಗಲ್ಲ, ಒಂದು ಚುಕ್ಕಿಗೆ ಸುಮಾರು 4 ಬೈಟ್ ಮೆಮೊರಿ ತಿನ್ನುತ್ತದೆ. 4000×3000 ಫೋಟೋಗೆ 48 ಎಂಬಿ. ಈಗಿನ 12000×9000 ಫೋಟೋಗೆ 432 ಎಂಬಿ. ಪಿಎಚ್‌ಪಿಯಲ್ಲಿ ಸಾಮಾನ್ಯವಾಗಿ ಇರುವ ಮಿತಿ 128. ಪುಟ ಬಿಳಿಯಾಗಿ ನಿಲ್ಲುತ್ತದೆ, ಯಾಕೆ ಅಂತಲೇ ತಿಳಿಯುವುದಿಲ್ಲ. ಅಪ್‌ಲೋಡ್ ಮಿತಿಯನ್ನೂ ನೋಡಿಕೊಳ್ಳಿ, ನೀವು ಬದಲಿಸದಿದ್ದರೆ 2 ಎಂಬಿ ಮಾತ್ರ.

ಕೇಳಿದವರು, ಉಡುಪಿ

ಎಲ್ಲರಿಗೂ ಧನ್ಯವಾದ. ಸುರತ್ಕಲ್‌ನವರೇ, ನಿಮ್ಮ ಊಹೆ ಸರಿ, ಮೂರೂ ವಾಟ್ಸ್ಆ್ಯಪ್‌ನದ್ದೇ! ಹೊರಗೆ ಬಿದ್ದ ಏಳರಲ್ಲಿ ಐದು 4032×3024. ಒಂದು 1079×1440, ಅಂದರೆ 4316 ಮತ್ತು 4320. ಬರೀ ನಾಲ್ಕರ ವ್ಯತ್ಯಾಸಕ್ಕೆ ಹೊರಗೆ ಹಾಕಿದ್ದೆ. ಇನ್ನೊಂದು 1080×1920, ಅದಕ್ಕೆ ಕತ್ತರಿಸುವ ಚೌಕಟ್ಟು ಹಾಕುತ್ತೇನೆ. ಕಿರೀಟದ ವಿಷಯ ನೆನಪಿರುತ್ತದೆ.

ಆದರೆ ಎಕ್ಸಿಫ್‌ರೀಡ್‌ಡೇಟಾ ಅಂತ ಬರೆದರೆ "ಇಂಥ ಫಂಕ್ಷನ್ನೇ ಇಲ್ಲ" ಅಂತ ಬರುತ್ತಿದೆ. ಎಂತ ಮಾಡುವುದು?

ಸುರತ್ಕಲ್‌ನಿಂದ

ನಿಮ್ಮ ಹೋಸ್ಟಿಂಗ್‌ನಲ್ಲಿ ಎಕ್ಸಿಫ್ ಎಕ್ಸ್‌ಟೆನ್ಶನ್ ಆಫ್ ಇರಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪಿಎಚ್‌ಪಿ ಎಕ್ಸ್‌ಟೆನ್ಶನ್‌ಗಳ ಪಟ್ಟಿ ಇರುತ್ತದೆ, ಅಲ್ಲಿ ಟಿಕ್ ಹಾಕಿ. ಜೆಪೆಗ್ ಅಲ್ಲದ ಫೈಲಿಗೆ ಅದನ್ನು ಕೇಳಲು ಹೋಗಬೇಡಿ, ಸುಮ್ನೆ ವಾರ್ನಿಂಗ್ ಬರುತ್ತದೆ.

ಕೇಳಿದವರು, ಉಡುಪಿ

ಟಿಕ್ ಹಾಕಿದೆ. ಸಂಖ್ಯೆ 6 ಅಂತ ಬಂತು. ಮಾವನ ಫೋಟೋ ಎದ್ದು ನಿಂತಿತು.