ಬಂಗಲೆ ಉಳಿಸಲು ತೋಟ ಮಾರಬಹುದೇ?

ಪ್ರಶ್ನೆ: 1915ರ ಆಸುಪಾಸಿನಲ್ಲಿ ಮುತ್ತಜ್ಜ ಕಟ್ಟಿಸಿದ ಬಂಗಲೆ ನಮ್ಮ ಪಾಲಿಗೆ ಬಂದಿದೆ. ಹೆಸರಾಂತರು ಯಾರೂ ಇಲ್ಲಿ ಬಾಳಿಲ್ಲ. ಇಂಥ ಮನೆಗೂ ಪಾರಂಪರಿಕ ಮೌಲ್ಯ ಇರುತ್ತದೆಯೇ? ಮುಂದಿನ ತೋಟ ಮಾರಿ ಆ ಹಣದಲ್ಲಿ ಮನೆ ದುರಸ್ತಿ ಮಾಡಿಸಬಹುದೇ? ಅನುಭವಸ್ಥರು ತಿಳಿಸಿ.

ಉತ್ತರ 1: ಖಂಡಿತ ಇರುತ್ತದೆ. ಆದರೆ ದಯವಿಟ್ಟು ಮುಂದಿನ ತೋಟಕ್ಕೆ ಕೈ ಹಚ್ಚಬೇಡಿ. ಆ ಕಾಲದಲ್ಲಿ ಜನ ನಗರದ ಇಕ್ಕಟ್ಟು ಬಿಟ್ಟು ಹೊರವಲಯಕ್ಕೆ ಬಂದದ್ದೇ ಗಾಳಿ, ಬೆಳಕು, ಮರಗಿಡ ಬೇಕೆಂದು. ನಗರ ಯೋಜನೆಯ ಚಿಂತಕ ಎಬನೇಜರ್ ಹೊವಾರ್ಡ್ 1898ರಲ್ಲಿ ಮುಂದಿಟ್ಟ ಉದ್ಯಾನ ನಗರದ, ಅಂದರೆ ಹಸಿರಿನ ನಡುವೆ ಯೋಜಿಸಿ ಕಟ್ಟಿದ ಊರಿನ, ಕಲ್ಪನೆ 1903ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ ರೂಪ ತಳೆಯತೊಡಗಿದ್ದೂ ಇದೇ ಹಂಬಲದಿಂದ. ನಿಮ್ಮ ವರಾಂಡದಲ್ಲಿ ಕುಳಿತು ನೋಡಿ: ಗೇಟು, ಕಾಲುದಾರಿ, ಮೆಟ್ಟಿಲು ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ. ತೋಟ ಹೋದರೆ ವರಾಂಡಕ್ಕೆ ಅರ್ಥವೇ ಉಳಿಯುವುದಿಲ್ಲ. ಹಳೆಯ ತೋಟಗಳ ಸಂರಕ್ಷಣೆಗೆಂದು ಅಂತರರಾಷ್ಟ್ರೀಯ ತಜ್ಞರು ರೂಪಿಸಿದ 1981ರ ಫ್ಲಾರೆನ್ಸ್ ಸನ್ನದು ಐತಿಹಾಸಿಕ ತೋಟವನ್ನು ಜೀವಂತ ಸ್ಮಾರಕವೆಂದು ಕರೆಯುತ್ತದೆ; ದೊಡ್ಡ ಉದ್ಯಾನಕ್ಕೆ ಅನ್ವಯಿಸುವ ಮಾತು ಸಣ್ಣ ಕೈತೋಟಕ್ಕೂ ಅನ್ವಯಿಸುತ್ತದೆ ಎಂದೂ ಹೇಳುತ್ತದೆ. ಹೆಸರಾಂತರು ಬಾಳಿಲ್ಲವೆಂದು ಕೊರಗಬೇಡಿ. ಸಾಮಾನ್ಯ ಕುಟುಂಬವೊಂದು ಹೇಗೆ ಬದುಕಲು ಬಯಸಿತು ಎಂಬುದಕ್ಕೆ ಈ ಮನೆಯೇ ಸಾಕ್ಷಿ.

ಉತ್ತರ 2: ಮೇಲಿನವರ ಮಾತು ನಿಜ. ದುರಸ್ತಿಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಸುಣ್ಣದ ಗಾರೆಯ ನಮ್ಮ ಗೋಡೆಯ ಬುಡ ಸದಾ ಒದ್ದೆಯಾಗಿರುತ್ತಿತ್ತು. ಮೇಸ್ತ್ರಿಯೊಬ್ಬರು ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿ ಹೋದರು. ಹೊರಬರಲು ದಾರಿಯಿಲ್ಲದ ತೇವ ಗೋಡೆಯೊಳಗೇ ಮೇಲೇರಿತು. ಆಮೇಲೆ ಸಿಮೆಂಟ್ ಚಕ್ಕೆಯೆದ್ದಾಗ ನೋಡಿದರೆ, ಬೆರಳು ತಾಗಿಸಿದಲ್ಲೆಲ್ಲ ಇಟ್ಟಿಗೆ ಕೆಂಪು ಪುಡಿಯಾಗಿ ಉದುರುತ್ತಿತ್ತು. ಮೂಲ ಕಾರಣ ಇದ್ದದ್ದು ತೋಟದಲ್ಲಿ: ವರ್ಷವರ್ಷವೂ ಮಣ್ಣು, ಗೊಬ್ಬರ ಹಾಕಿ ಹೂವಿನ ಪಾತಿ ತಳಪಾಯದ ಅಂಚು ದಾಟಿ ಗೋಡೆಗೆ ಆತುಕೊಂಡಿತ್ತು. ಪಾತಿಯನ್ನು ತಗ್ಗಿಸಿ, ಸಿಮೆಂಟ್ ಕಿತ್ತು, ಗೋಡೆ ಒಣಗಿದ ಮೇಲೆ ಮತ್ತೆ ಸುಣ್ಣದ ಗಾರೆಯನ್ನೇ ಹಾಕಿಸಿದೆವು. ಈಗ ಗೋಡೆ ಚೆನ್ನಾಗಿದೆ.

ಏನನ್ನೂ ಕೀಳುವ ಮೊದಲು ಕೋಣೆಕೋಣೆಯ, ಬಾಗಿಲು ಚಿಲಕಗಳ, ಪ್ರತಿ ಮರದ ಚಿತ್ರ ತೆಗೆದಿಡಿ. ಹಳೆಯ ಕುಟುಂಬ ಚಿತ್ರಗಳ ಹಿನ್ನೆಲೆ ಗಮನಿಸಿ; ಮೊದಲಿದ್ದ ಬೇಲಿ, ಕಮಾನು ಅಲ್ಲಿ ಸಿಗಬಹುದು. ಬೇಸಿಗೆಯಲ್ಲಿ ಹುಲ್ಲನ್ನೂ ನೋಡಿ. ಹೂತುಹೋದ ಕಲ್ಲುದಾರಿಯ ಮೇಲಿನ ಹುಲ್ಲು ಬೇಗ ಒಣಗುವುದರಿಂದ ದಾರಿಯ ಗೆರೆ ಕಾಣಿಸುತ್ತದೆ. ಹಣಕ್ಕಾಗಿ ಜಾಗ ಮಾರಲೇಬೇಕಾದರೆ, ಹಳೆಯ ಮರಗಳಿಲ್ಲದ ಹಿತ್ತಿಲಿನ ಮೂಲೆಯನ್ನು ಮೊದಲು ಯೋಚಿಸಿ. ಅದಕ್ಕೂ ಮುನ್ನ ಸಂರಕ್ಷಣೆಯ ಕೆಲಸ ಬಲ್ಲ ವಾಸ್ತುಶಿಲ್ಪಿಯೊಬ್ಬರಿಗೆ ಮನೆ, ತೋಟ ಎರಡನ್ನೂ ತೋರಿಸಿ.