ಫುಟ್‌ಪಾತ್‌ನಲ್ಲಿ ಮಲಗುವ ಬೋರ್ಡ್ ಪೇಂಟರ್‌ಗೆ ಅಂಗಡಿಯ ಅಟ್ಟ ಬಿಟ್ಟುಕೊಡಬಹುದಾ?

ಕಾಟನ್‌ಪೇಟೆ ಹುಡುಗ

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಕಾಟನ್‌ಪೇಟೆಯಲ್ಲಿ ನಮ್ಮದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ನಾನು ಸ್ಕೂಲಿಗೆ ಹೋಗುವಾಗಲೇ ಅಪ್ಪ ಮೆಷಿನ್ ತಂದಿದ್ದರು. ನಮ್ಮ ಶಟರ್ ಮುಂದಿನ ಕಟ್ಟೆ ಮೇಲೆ ರಾತ್ರಿ ಒಬ್ಬರು ಮಲಗುತ್ತಾರೆ. ಅರವತ್ತರ ಹತ್ತಿರ ಇರಬಹುದು. ಬೆಳಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಎದ್ದು, ಕಟ್ಟೆ ಗುಡಿಸಿ ಹೋಗಿರುತ್ತಾರೆ. ಎರಡು ವರ್ಷ ನೋಡಿದ್ದೇನೆ, ಮಾತಾಡಿಸಿದ್ದು ಕಳೆದ ತಿಂಗಳು.

ನಾವು ಎಸೆದ ವೇಸ್ಟ್ ಫ್ಲೆಕ್ಸ್ ತುಂಡಿನ ಹಿಂಬದಿಯಲ್ಲಿ ಇದ್ದಿಲಿನಿಂದ ಏನೋ ಬರೆದಿದ್ದರು. ಎತ್ತಿ ನೋಡಿದೆ. ಎದುರಿನ ಹೋಟೆಲ್ ಹೆಸರು. ಪ್ರತಿ ಅಕ್ಷರಕ್ಕೂ ಬಲಗಡೆ ಶೇಡ್, ತಲೆಕಟ್ಟು ಒಂದೇ ಅಳತೆ, ಕೊಂಬು ಬಳ್ಳಿ ಥರ ಸುತ್ತಿಕೊಂಡಿದೆ. ನಮ್ಮ ಕಂಪ್ಯೂಟರ್‌ನಲ್ಲಿ ಇರೋ ಒಂದು ಫಾಂಟೂ ಹಾಗಿಲ್ಲ. ಕೇಳಿದರೆ, ಮೂವತ್ತು ವರ್ಷ ಬೋರ್ಡ್ ಬರೆದವರಂತೆ. ಲಾರಿ ಹಿಂಬದಿ, ಶಾಲೆ ಗೋಡೆ, ಎಲೆಕ್ಷನ್ ಗೋಡೆ. "ನಿಮ್ಮಂಥ ಮೆಷಿನ್ ಬಂದ ಮೇಲೆ ಕೆಲಸ ನಿಂತುಹೋಯ್ತು ಸಾರ್" ಅಂದರು. ಸಿಟ್ಟಿನಿಂದಲ್ಲ. ನಿನ್ನೆ ಮಳೆ ಬಂತು ಅನ್ನೋ ಹಾಗೆ ಅಂದರು. ನನಗೆ ಅವತ್ತು ಊಟ ಸೇರಲಿಲ್ಲ.

ಅಂಗಡಿ ಮೇಲೆ ಹತ್ತು ಅಡಿಗೆ ಹನ್ನೆರಡು ಅಡಿಯ ಅಟ್ಟ ಇದೆ. ಹಳೇ ರೋಲ್ ತುಂಬಿದ್ದೇವೆ. ಅದನ್ನು ಖಾಲಿ ಮಾಡಿ ವಾರಕ್ಕೆ ಎರಡು ಮಧ್ಯಾಹ್ನ ಇವರಿಗೆ, ಇವರ ಹಾಗೇ ಫುಟ್‌ಪಾತ್‌ನಲ್ಲಿ ಮಲಗುವ ಇನ್ನೂ ಇಬ್ಬರಿಗೆ ಬಿಡೋಣ, ಕೂತು ಬಿಡಿಸಲಿ ಅಂತ ನನ್ನ ಯೋಚನೆ. ಅಪ್ಪ ಒಪ್ಪುತ್ತಿಲ್ಲ. "ಇವತ್ತು ಕೂರೋಕೆ ಜಾಗ, ನಾಳೆ ಮಲಗೋಕೆ ಜಾಗ" ಅಂತಾರೆ. ಇಂಥದ್ದು ಎಲ್ಲಾದರೂ ನಡೆದಿದೆಯಾ? ಬಿಡಿಸಿದ್ದು ಮಾರಿದರೆ ದುಡ್ಡು ಹೇಗೆ ಹಂಚೋದು? ಏನಾದರೂ ತಾಪತ್ರಯ ಆಗುತ್ತಾ?

ದಾವಣಗೆರೆ ಡ್ರಾಯಿಂಗ್ ಮೇಷ್ಟ್ರು

ತಮ್ಮಾ, ಮೊದಲು ಅಟ್ಟ ಖಾಲಿ ಮಾಡು. ಉಳಿದದ್ದು ಆಮೇಲೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ರಿಟೈರ್ ಆದ ಮೇಲೆ ಮಗಳ ಮನೆಗೆ ಅಂತ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದೆ. ಅವಳು ಕೆಲಸಕ್ಕೆ ಹೋದ ಮೇಲೆ ನನಗೆ ಮನೆಯಲ್ಲಿ ಗಿಡಕ್ಕೆ ನೀರು ಹಾಕೋದು ಬಿಟ್ಟರೆ ಬೇರೆ ಕೆಲಸ ಇಲ್ಲ. ಊರು ಸುತ್ತುತ್ತಿದ್ದೆ. "ಟೆಂಡರ್‌ಲಾಯಿನ್ ಕಡೆ ಮಾತ್ರ ಹೋಗಬೇಡ ಅಪ್ಪಾ" ಅಂತ ಅವಳು ಎಷ್ಟು ಸಲ ಹೇಳಿದಳೋ, ಅಷ್ಟಕ್ಕೇ ನನಗೆ ಅಲ್ಲಿಗೆ ಹೋಗಬೇಕು ಅನ್ನಿಸಿತು.

ಊರಿನ ನಡುವಿನ ಬಡ ಕೇರಿ ಅದು. ಹೋಗಿ ನೋಡಿದರೆ ನನ್ನ ಎದೆ ಧಸಕ್ಕೆಂದಿತು. ಅತ್ತ ಕಡೆ ಚಿನ್ನದ ಬಣ್ಣದ ಗುಮ್ಮಟದ ಸಿಟಿ ಹಾಲ್, ಇತ್ತ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡ, ನಡುವೆ ಫುಟ್‌ಪಾತ್ ಉದ್ದಕ್ಕೂ ಡೇರೆ ಹಾಕಿಕೊಂಡು ಮಲಗಿದ ಜನ. ಅದೇ ಸೆರಗಿನಲ್ಲಿ, 1009 ಮಾರ್ಕೆಟ್ ಸ್ಟ್ರೀಟ್ ಅನ್ನೋ ವಿಳಾಸದಲ್ಲಿ ಒಂದು ಸ್ಟುಡಿಯೋ. ಹಾಸ್ಪಿಟಾಲಿಟಿ ಹೌಸ್ ಅನ್ನುವ ಸಂಸ್ಥೆಯದು. ಸಂಸ್ಥೆ ಶುರುವಾಗಿದ್ದು 1967ರಲ್ಲಿ. ಆ ವರ್ಷ ಮನೆ ಬಿಟ್ಟು ಆ ಊರಿಗೆ ಬಂದ ಹುಡುಗ ಹುಡುಗಿಯರು ಲೆಕ್ಕವಿಲ್ಲದಷ್ಟು.

ಒಳಗೆ ಕಾಸು ಕೇಳುವವರಿಲ್ಲ. ಬಣ್ಣ, ಕಾಗದ, ಕ್ಯಾನ್ವಾಸ್, ಜೇಡಿಮಣ್ಣು, ಸ್ಕ್ರೀನ್ ಪ್ರಿಂಟಿಂಗ್ ಸಾಮಾನು, ಎಲ್ಲ ಪುಕ್ಕಟೆ. ರಸ್ತೆ ಕಡೆ ಗಾಜಿನ ಕಿಟಕಿ, ಅದರಲ್ಲಿ ಚಿತ್ರ ತೂಗುಹಾಕುತ್ತಾರೆ. ಮಾರಿದರೆ ಹಣ ಬಿಡಿಸಿದವರಿಗೇ. ಕಮಿಷನ್ ಇಲ್ಲ.

ನಾನು ಮೇಷ್ಟ್ರಲ್ವಾ, ಕೈ ತುರಿಸುತ್ತಿತ್ತು. ಒಬ್ಬ ಮುದುಕ ಕುದುರೆ ಬಿಡಿಸುತ್ತಿದ್ದ. ಹಿಂಗಾಲು ತಪ್ಪಾಗಿತ್ತು. ತೋರಿಸೋಣ ಅಂತ ಬೆರಳು ಮುಂದೆ ಮಾಡಿದೆ. ಅವನು ನನ್ನ ಬೆರಳನ್ನೇ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ಸುಮ್ನೆ ಕೈ ಹಿಂದೆ ತೆಗೆದುಕೊಂಡೆ. ಅಲ್ಲಿ ಕೇಳಿದರೆ ಹೇಳಿಕೊಡುತ್ತಾರೆ. ಕೇಳದಿದ್ದರೆ ಇಲ್ಲ. ನನ್ನ ಸರ್ವಿಸ್‌ನಲ್ಲಿ ನಾನು ಕಲಿಯದೇ ಉಳಿದಿದ್ದ ಪಾಠ ಅದು.

ಇನ್ನೊಂದು ಕಂಡೆ. ಗೋಡೆಗೆ ಕಪಾಟು. ಮುಗಿಯದ ಚಿತ್ರ, ಒಣಗಬೇಕಾದ ಚಿತ್ರ ಅಲ್ಲೇ ಇಟ್ಟು ಹೋಗಬಹುದು. ನಿನಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಬೀದಿಯಲ್ಲಿ ಇರುವವರಿಗೆ ಯಾವುದೂ ನಾಳೆವರೆಗೆ ಉಳಿಯುವುದಿಲ್ಲ ತಮ್ಮಾ. ಮಳೆಗೆ ನೆನೆಯುತ್ತದೆ, ಕಳವಾಗುತ್ತದೆ, ಕಸದ ಗಾಡಿಯವರು ಎತ್ತಿಕೊಂಡು ಹೋಗುತ್ತಾರೆ. ಒಂದು ಚಿತ್ರ ಮೂರು ವಾರ ಕೂತು ಬಿಡಿಸಬೇಕು ಅಂದರೆ ಅದು ಮೂರು ವಾರ ಒಂದು ಕಡೆ ಇರಬೇಕಲ್ಲ? ನೀನು ಬೇರೇನು ಕೊಡದಿದ್ದರೂ ಆ ಮೂರು ಜನಕ್ಕೆ ಒಂದೊಂದು ಕಪಾಟು ಕೊಡು. ಮೇಲೆ ಹೆಸರು ಬರೆಸು.

ದುಡ್ಡಿನ ವಿಷಯಕ್ಕೆ ಬೇರೆ ದಾರಿಯೂ ಇದೆ. ಬಾಸ್ಟನ್‌ನಲ್ಲಿ 2013ರಲ್ಲಿ ಒಡಹುಟ್ಟಿದ ಇಬ್ಬರು ಆರ್ಟ್‌ಲಿಫ್ಟಿಂಗ್ ಅಂತ ಕಂಪನಿ ಮಾಡಿದರು. ಮನೆ ಇಲ್ಲದವರು, ಅಂಗವಿಕಲರು ಬಿಡಿಸಿದ ಚಿತ್ರಗಳನ್ನು ದೊಡ್ಡ ಆಫೀಸುಗಳಿಗೆ ಮಾರುತ್ತಾರೆ. ನೂರು ಡಾಲರ್ ಬಂದರೆ 55 ಕಲಾವಿದರಿಗೆ, 1 ಡಾಲರ್ ಇಂಥ ಸ್ಟುಡಿಯೋಗಳ ಬಣ್ಣದ ಖರ್ಚಿಗೆ, ಉಳಿದದ್ದು ಕಂಪನಿಗೆ. ಅವರು ಗಿರಾಕಿ ಹುಡುಕುತ್ತಾರೆ, ಓಡಾಡುತ್ತಾರೆ, ಹಾಗಾಗಿ ತಪ್ಪು ಅನ್ನಲಾರೆ. ಆದರೆ ಮೂರು ಜನ ಕೂರುವ ಅಟ್ಟಕ್ಕೆ ಅದೆಲ್ಲ ಬೇಡ. ಪೂರ್ತಿ ಅವರಿಗೇ ಕೊಡು. ಲೆಕ್ಕ ಇಟ್ಟಷ್ಟೂ ಅನುಮಾನ ಜಾಸ್ತಿ.

ಮತ್ತೆ, ಮೊದಲ ದಿನವೇ ಬ್ರಷ್ ಹಿಡಿಯಲಿ ಅಂತ ಕಾಯಬೇಡ. ಮೊದಲ ವಾರ ಕುರ್ಚಿಯಲ್ಲಿ ನಿದ್ದೆ ಮಾಡಬಹುದು. ಮಾಡಲಿ.

ಖಾರಾಬಾತ್

ಮೇಷ್ಟ್ರೇ, ಕೇಳೋಕೆ ಚೆನ್ನಾಗಿದೆ. ಆದರೆ ಮಲಗೋಕೆ ಸೂರಿಲ್ಲದವರಿಗೆ ಬಣ್ಣದ ಡಬ್ಬಿ ಕೊಡೋದು ಅಂದರೆ ಹಸಿದವನಿಗೆ ವೀಳ್ಯದೆಲೆ ಕೊಟ್ಟ ಹಾಗೆ ಅಲ್ವಾ? ಮೊದಲು ಮನೆ, ಊಟ. ಆಮೇಲೆ ಚಿತ್ರ. ಇಷ್ಟಕ್ಕೂ ಇದರಿಂದ ನಮಗೇ ಒಳ್ಳೆಯವರು ಅನ್ನಿಸಿಕೊಳ್ಳೋ ಖುಷಿ ಜಾಸ್ತಿ ಅಂತ ನನ್ನ ಅನುಮಾನ.

ದಾವಣಗೆರೆ ಡ್ರಾಯಿಂಗ್ ಮೇಷ್ಟ್ರು

ಖಾರಾಬಾತ್ ಅವರೇ, ನಿಮ್ಮ ಕೊನೆ ಮಾತು ಒಪ್ಪಿದೆ. ಆ ಖುಷಿ ನನಗೂ ಇತ್ತು.

ಆದರೆ ಸೂರು ಸಿಕ್ಕಿದ ಮೇಲೆ ಎಲ್ಲ ಮುಗಿಯಿತು ಅಂತಲ್ಲ. ಟೆಂಡರ್‌ಲಾಯಿನ್‌ನಲ್ಲಿ ಎಷ್ಟೋ ಜನ ಹಳೇ ಹೋಟೆಲ್‌ಗಳ ಒಂಟಿ ರೂಮ್‌ನಲ್ಲಿ ಇರುತ್ತಾರೆ. ಎಷ್ಟೋ ರೂಮು ಎಂಟು ಅಡಿಗೆ ಹತ್ತು ಅಡಿ ಅಷ್ಟೇ. ಬಚ್ಚಲು ಎಲ್ಲರಿಗೂ ಸೇರಿ ಒಂದು. ಮಂಚ ಹಾಕಿದರೆ ಕ್ಯಾನ್ವಾಸ್ ನಿಲ್ಲಿಸೋಕೆ ಜಾಗ ಇಲ್ಲ. ಅವರೂ ಸ್ಟುಡಿಯೋಗೆ ಬರುತ್ತಾರೆ. ಮನೆ ಇಲ್ಲದಾಗ ಬಂದವರು ಮನೆ ಸಿಕ್ಕ ಮೇಲೂ ಬರುತ್ತಾರೆ.

ಮತ್ತೆ ದುಡ್ಡು ಬಂದರೂ ಕಷ್ಟ ಇದೆ ನೋಡಿ ಅಲ್ಲಿ. ಬಡ ಅಂಗವಿಕಲರು, ವಯಸ್ಸಾದವರಿಗೆ ಸರ್ಕಾರ ಕೊಡುವ ಎಸ್‌ಎಸ್‌ಐ ಅನ್ನೋ ಭತ್ಯೆಗೆ ಒಂದು ಷರತ್ತು: ಒಂಟಿ ಮನುಷ್ಯನ ಹತ್ತಿರ ಕೂಡಿಟ್ಟ ಹಣ 2000 ಡಾಲರ್ ದಾಟಬಾರದು. ಆ ಅಂಕಿ 1989ರಿಂದ ಹಾಗೇ ಇದೆ. ಒಂದು ದೊಡ್ಡ ಚಿತ್ರ ಮಾರಾಟವಾಗಿ ದುಡ್ಡು ಹಾಗೇ ಉಳಿದರೆ ಭತ್ಯೆಗೆ ಕುತ್ತು. ಬಡವನಾಗಿ ಉಳಿದರೆ ಮಾತ್ರ ಅನ್ನ ಅನ್ನೋ ಲೆಕ್ಕ.

ರಾತ್ರಿಪಾಳಿ

ನಾನು ಬೆಂಗಳೂರಿನ ಒಂದು ನೈಟ್ ಶೆಲ್ಟರ್‌ನಲ್ಲಿ ವಾಲಂಟಿಯರ್. ಒಂದು ಲಕ್ಷ ಜನಸಂಖ್ಯೆಗೆ ಒಂದು ಶೆಲ್ಟರ್, ತಲೆಗೆ 50 ಚದರ ಅಡಿ ಅಂತ 2013ರ ರಾಷ್ಟ್ರೀಯ ನಗರ ಜೀವನೋಪಾಯ ಯೋಜನೆಯ ನಿಯಮ. ಲೆಕ್ಕ ನೀವೇ ಹಾಕಿಕೊಳ್ಳಿ, ನಮ್ಮ ಊರಿಗೆ ಎಷ್ಟು ಬೇಕು ಅಂತ. ನಾನಿರುವ ಕಡೆ ಬೆಳಗ್ಗೆ ಎಲ್ಲರೂ ಹೊರಗೆ ಹೋಗುತ್ತಾರೆ. ಹಗಲು ಎಲ್ಲಿ ಕೂರೋದು? ಪಾರ್ಕ್‌ನಲ್ಲಿ ವಾಚ್‌ಮನ್ ಎಬ್ಬಿಸುತ್ತಾನೆ. ಆದ್ದರಿಂದ ಹಗಲು ಕೂರೋ ಜಾಗ ಅನ್ನೋದೇ ದೊಡ್ಡ ವಿಷಯ, ಚಿತ್ರ ಬಿಡಿಸಲಿ ಬಿಡದಿರಲಿ.

ಪೇಂಟರಣ್ಣ ಫುಟ್‌ಪಾತ್ ಮೇಲೆ ಸೀಮೆಸುಣ್ಣದಲ್ಲಿ ಆಂಜನೇಯನ್ನ ಬಿಡಿಸಿ ಕೂತರೆ ಜನ ಚಿಲ್ಲರೆ ಹಾಕುತ್ತಾರೆ. ಅದು ಭಿಕ್ಷೆಯಾ, ದುಡಿಮೆಯಾ? ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ವ್ಯಾನ್ ಹತ್ತಿಸಿದರೆ ಮಾಗಡಿ ರಸ್ತೆ ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. ಅಟ್ಟದಲ್ಲಿ ಕೂತು ಬಿಡಿಸಿದರೆ ಆ ಭಯ ಇಲ್ಲ. ಅಂದ ಹಾಗೆ, ನಿಮ್ಮ ಅಂಗಡಿಯ ಆಸ್ತಿ ತೆರಿಗೆ ರಸೀದಿ ನೋಡಿ. ಭಿಕ್ಷುಕರ ಕರ ಅಂತ ಶೇಕಡ 3 ಕಟ್ಟಿರುತ್ತೀರಿ. ಅಪ್ಪನಿಗೆ ತೋರಿಸಿ, ಅವರು ಆಗಲೇ ಈ ಕೆಲಸಕ್ಕೆ ದುಡ್ಡು ಹಾಕಿದ್ದಾರೆ!

ಒಂದು ಎಚ್ಚರಿಕೆ. ಮಾರಿದ ದುಡ್ಡು ಕ್ಯಾಶ್ ಕೊಡಿ, ಎದುರಿಗೇ ಎಣಿಸಿ. "ಯುಪಿಐ ಇದೆಯಾ" ಅಂತ ಕೇಳಬೇಡಿ. ಆಧಾರ್ ಕಳೆದುಕೊಂಡವರೇ ಜಾಸ್ತಿ, ಫೋನ್ ದೂರದ ಮಾತು. ಮತ್ತೆ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಒಂದು ಕಡೆ ನಮ್ಮವರೊಬ್ಬರ ಚಿತ್ರ ಪ್ರದರ್ಶನಕ್ಕಿಟ್ಟಿದ್ದರು. ಕೆಳಗಿನ ಚೀಟಿಯಲ್ಲಿ ಚಿತ್ರದ ಬಗ್ಗೆ ಒಂದು ಸಾಲು, ಅವರ ಕುಡಿತ, ಹೆಂಡತಿ, ಬೀದಿ ಬದುಕಿನ ಬಗ್ಗೆ ಹನ್ನೆರಡು ಸಾಲು. ಅವರು ಓದಿ ಬಂದು ಏನೂ ಹೇಳಲಿಲ್ಲ. ಮತ್ತೆ ಬಿಡಿಸಲೂ ಇಲ್ಲ.

ಶಿರಸಿ ಟು ಲಂಡನ್

ನಿಮ್ಮದು ಪ್ರಿಂಟಿಂಗ್ ಅಂಗಡಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಕೆಫೆ ಆರ್ಟ್ ಅನ್ನುವವರು ಮನೆ ಇಲ್ಲದವರಿಗೆ, ಹಿಂದೆ ಹಾಗಿದ್ದವರಿಗೆ ಒಂದು ಸಲ ಬಳಸಿ ಎಸೆಯುವ ಫ್ಯೂಜಿಫಿಲ್ಮ್ ಕ್ಯಾಮೆರಾ ಹಂಚುತ್ತಿದ್ದರು. ಸೇಂಟ್ ಪಾಲ್ಸ್ ಚರ್ಚ್ ಹತ್ತಿರ, ನೂರು ಕ್ಯಾಮೆರಾ. ಕೆಲವು ದಿನ ಬಿಟ್ಟು ವಾಪಸ್ ತಂದುಕೊಟ್ಟರೆ ಫಿಲಂ ತೊಳೆದು, ಒಳ್ಳೆಯ ಫೋಟೋ ಆರಿಸಿ ಕ್ಯಾಲೆಂಡರ್ ಮಾಡುತ್ತಿದ್ದರು. ಇದಕ್ಕೆ ಮೊದಲೇ ಕೆನಡಾದ ವ್ಯಾಂಕೂವರ್‌ನಲ್ಲಿ 2003ರಲ್ಲಿ ಹೋಪ್ ಇನ್ ಶ್ಯಾಡೋಸ್ ಅಂತ ಇಂಥದ್ದೇ ಶುರುವಾಗಿತ್ತು. ಅಲ್ಲಿ ಬೀದಿಯಲ್ಲಿ ಮಾರುವವರು 10 ಡಾಲರ್‌ಗೆ ಕ್ಯಾಲೆಂಡರ್ ಕೊಂಡು 20ಕ್ಕೆ ಮಾರುತ್ತಿದ್ದರು.

ನನ್ನ ಅಡಿಗೆಮನೆಯಲ್ಲಿ ಲಂಡನ್ ಕ್ಯಾಲೆಂಡರ್ ಒಂದು ವರ್ಷ ತೂಗುತ್ತಿತ್ತು. ಅದರ ಫೋಟೋಗಳು ಅಳುಮುಂಜಿ ಅಲ್ಲ. ಊರು ಅಷ್ಟೇ. ಆದರೆ ಬೆಳಗಿನ ಜಾವದ ಊರು, ನಾವು ನೋಡದ ಹೊತ್ತಿನದು. ನಿಮ್ಮ ಪೇಂಟರಣ್ಣ ಬರೆದ ಕನ್ನಡ ಅಕ್ಷರಗಳನ್ನ ಕ್ಯಾಲೆಂಡರ್ ಮಾಡಿ ನೋಡಿ. ತಿಂಗಳಿಗೊಂದು ಅಕ್ಷರ. ಮೆಷಿನ್ ನಿಮ್ಮಲ್ಲೇ ಇದೆ. ನನಗೆ ಎರಡು ಬೇಕು, ಒಂದು ಅಮ್ಮನಿಗೆ.

ಕಾಟನ್‌ಪೇಟೆ ಹುಡುಗ

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಅಟ್ಟ ಖಾಲಿ ಮಾಡಿದೆವು. ತೆರಿಗೆ ರಸೀದಿ ಅಪ್ಪನಿಗೆ ತೋರಿಸಿದೆ. "ಇದಕ್ಕೂ ಕಟ್ಟುತ್ತಿದ್ದೀವಾ" ಅಂತ ಬೈದರು, ಆದರೆ ಹೂಂ ಅಂದರು. ಮಂಗಳವಾರ, ಶುಕ್ರವಾರ, ಎರಡರಿಂದ ಐದು.

ಮೇಷ್ಟ್ರು ಹೇಳಿದಂತೆ ಮೊದಲ ಎರಡು ದಿನ ಪೇಂಟರಣ್ಣ ನಿದ್ದೆ ಮಾಡಿದರು. ಇನ್ನೊಬ್ಬರು ಬರಲೇ ಇಲ್ಲ. ಮೂರನೆಯವರಿಗೆ ಬಿಡಿಸೋಕೆ ಬರಲ್ಲ, ಆದರೆ ಬಂದು ಎಫ್‌ಎಂ ಕೇಳುತ್ತಾರೆ. ಇರಲಿ.

ನಾನು ದುಬಾರಿ ಕ್ಯಾನ್ವಾಸ್ ತಂದಿಟ್ಟಿದ್ದೆ. ಪೇಂಟರಣ್ಣ ಮುಟ್ಟಿ ನೋಡಿ "ಇದು ಕುಡಿಯುತ್ತೆ ಸಾರ್" ಅಂದರು. ಬಣ್ಣ ಹೀರಿಕೊಳ್ಳುತ್ತೆ ಅಂತ. ತಗಡು ಕೇಳಿದರು, ಎನಾಮೆಲ್ ಕೇಳಿದರು, ಗೆರೆ ಹೊಡೆಯೋಕೆ ದಾರ ಕೇಳಿದರು. ದಾರಕ್ಕೆ ಸೀಮೆಸುಣ್ಣ ಸವರಿ, ಎರಡು ತುದಿ ಎಳೆದು ಹಿಡಿದು ಟಪ್ ಅಂತ ಬಿಟ್ಟರು. ತಗಡಿನ ಮೇಲೆ ನೆಟ್ಟಗೆ ಗೆರೆ. ಅಪ್ಪ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. "ಕ್ಷ ಹೀಗಲ್ಲ, ಕಾಲು ಇನ್ನೂ ಒಳಗೆ ಬರಬೇಕು" ಅಂತ ತಲೆಹಾಕಿದರು. ಪೇಂಟರಣ್ಣ ತಿರುಗಿಯೂ ನೋಡದೆ "ಅದು ಮೆಷಿನ್ ಕ್ಷ ಸಾರ್" ಅಂದರು. ಮೇಷ್ಟ್ರೇ, ನಿಮ್ಮ ಕುದುರೆ ನೆನಪಾಯಿತು.

ಕಪಾಟಿಗೆ ಹೆಸರು ಬರೆಸು ಅಂದಿರಲ್ಲ, ಅವರೇ ಬರೆದರು. ಮೂರೂ ಕಪಾಟಿಗೆ, ಬಾರದವರದ್ದೂ ಸೇರಿಸಿ. ಅದಕ್ಕೇ ನಾಲ್ಕು ಮಧ್ಯಾಹ್ನ ಹಿಡಿಯಿತು, ಶೇಡ್ ಸಮೇತ. ಕ್ಯಾಲೆಂಡರ್ ವಿಷಯ ಇನ್ನೂ ಎತ್ತಿಲ್ಲ. ಶಿರಸಿಯವರೇ, ಸ್ವಲ್ಪ ತಡೆಯಿರಿ.

ಈಗ ಹೊಸ ಪ್ರಶ್ನೆ. ಎನಾಮೆಲ್, ಟರ್ಪೆಂಟೈನ್ ವಾಸನೆ ಕೆಳಗೆ ಗಿರಾಕಿಗಳಿಗೆ ಹೊಡೆಯುತ್ತಿದೆ. ಅಟ್ಟಕ್ಕೆ ಇರೋದು ಒಂದೇ ಕಿಟಕಿ. ಎಕ್ಸಾಸ್ಟ್ ಫ್ಯಾನ್ ಒಂಬತ್ತು ಇಂಚಿನದು ಸಾಕಾ, ಹನ್ನೆರಡರದ್ದು ಬೇಕಾ?

ದಾವಣಗೆರೆ ಡ್ರಾಯಿಂಗ್ ಮೇಷ್ಟ್ರು

ಹನ್ನೆರಡರದ್ದೇ ಹಾಕಿಸು. ಗಾಳಿ ಒಳಗೆ ಬರೋಕೆ ಬಾಗಿಲ ಕೆಳಗೂ ಸಂದು ಬಿಡು. ಟರ್ಪೆಂಟೈನ್ ಒರೆಸಿದ ಬಟ್ಟೆ ಮುದ್ದೆ ಮಾಡಿ ಅಟ್ಟದಲ್ಲಿ ಬಿಡಬೇಡ, ಮುಚ್ಚಳ ಇರೋ ಡಬ್ಬಿಗೆ ಹಾಕು, ನಿಮ್ಮಲ್ಲಿ ಫ್ಲೆಕ್ಸ್ ರೋಲ್ ಇದೆ, ಬೆಂಕಿ ಭಯ. ಆ ಕ್ಷ ಒಂದು ಫೋಟೋ ಕಳಿಸು, ಅವರನ್ನ ಕೇಳಿಕೊಂಡೇ.